'ರನ್' ಅಂತ ಇರುವ ಕಡೆಯೆಲ್ಲ 'ಓಡಿಸಿ' ಅಂತಲೇ ಹಾಕಬೇಕಂತೆ!

ಅಕ್ಷರಗೂಲಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟಿದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಈಗ ಕೈಯಲ್ಲಿರುವುದು ಬೋರ್‌ವೆಲ್ ಪಂಪಿನ ಕೈಪಿಡಿ. ಮೋಟರ್ ಡಬ್ಬದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಾರಲ್ಲ, ಅದೇ ಪುಸ್ತಕ. ಪುಟ ತಿರುಗಿಸಿದರೆ ಸಾಕು, 'ರನ್'.

'ಡು ನಾಟ್ ರನ್ ದಿ ಪಂಪ್ ಡ್ರೈ' ಅಂತ ಇದ್ದ ಕಡೆ 'ನೀರಿಲ್ಲದಾಗ ಪಂಪ್ ಚಾಲೂ ಮಾಡಬೇಡಿ' ಅಂತ ಬರೆದೆ. 'ರನ್ ದಿ ಕೇಬಲ್ ಅಲಾಂಗ್ ದಿ ಪೈಪ್' ಅಂದರೆ 'ಕೇಬಲನ್ನು ಪೈಪಿನ ಉದ್ದಕ್ಕೂ ಎಳೆದು ಕಟ್ಟಿ'. 'ಇಫ್ ದಿ ವೆಲ್ ರನ್ಸ್ ಡ್ರೈ', 'ಬೋರು ಬತ್ತಿದರೆ'. ಸರಿ ಇದೆ ಅಲ್ವಾ? ಏಜೆನ್ಸಿಯಿಂದ ಮೈಯೆಲ್ಲ ಕೆಂಪು ಮಾಡಿ ವಾಪಸ್ ಕಳಿಸಿದ್ದಾರೆ. ಅವರ ಪದಪಟ್ಟಿಯಲ್ಲಿ ರನ್ ಅಂದರೆ 'ಓಡು / ಓಡಿಸು' ಅಂತ ಇದೆಯಂತೆ, ಎಲ್ಲ ಕಡೆ ಅದೇ ಇರಬೇಕಂತೆ. ಅವರ ಲೆಕ್ಕದಲ್ಲಿ ಈಗ 'ಕೇಬಲನ್ನು ಪೈಪಿನ ಉದ್ದಕ್ಕೂ ಓಡಿಸಿ', 'ಬಾವಿಯು ಒಣಗಿ ಓಡಿದರೆ'. ಇದನ್ನು ಓದಿದ ರೈತ ನನ್ನನ್ನೇ ಅಟ್ಟಿಸಿಕೊಂಡು ಬರುತ್ತಾನೆ. ಅವರಿಗೆ ಅರ್ಥ ಮಾಡಿಸುವುದು ಹೇಗೆ?

ಹಾಸನದವಳು
'ಬಾವಿಯು ಒಣಗಿ ಓಡಿದರೆ'... ಹಿಡಿದು ತಂದು ಕಟ್ಟಿಹಾಕಿ ಅಂತ ಮುಂದಿನ ಸಾಲು ಸೇರಿಸಿಬಿಡಿ.

ನಿಘಂಟು ಹುಳು
ಆ ಪದಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಇದೊಂದು ಕಳಿಸಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು 2011ರಲ್ಲಿ ರನ್ ಪದವನ್ನು ಪರಿಷ್ಕರಿಸಿದಾಗ ಬರೀ ಕ್ರಿಯಾಪದಕ್ಕೇ 645 ಅರ್ಥ ಆದವು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಇದೊಂದು ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರು. ಅದಕ್ಕೂ ಮುಂಚೆ ದೊಡ್ಡಣ್ಣನ ಸ್ಥಾನ 'ಸೆಟ್'ಗೆ ಇತ್ತು. 1989ರ ಎರಡನೇ ಆವೃತ್ತಿಯಲ್ಲಿ ಸೆಟ್ ಒಂದಕ್ಕೇ 60,000 ಪದಗಳಷ್ಟು ವಿವರಣೆ. 2000ದಲ್ಲಿ 'ಮೇಕ್' ಅದನ್ನು ದಾಟಿತು, 2007ರಲ್ಲಿ 'ಪುಟ್', ಆಮೇಲೆ ರನ್. 645 ಅರ್ಥಕ್ಕೂ ಒಂದೇ 'ಓಡಿಸಿ' ಸಾಕು ಅನ್ನುವ ಧೈರ್ಯ ಮೆಚ್ಚಬೇಕು.

ತಕರಾರು ತಮ್ಮಯ್ಯ
ಹುಳು ಅವರೇ, ಆ ಲೆಕ್ಕವನ್ನು ಸ್ವಲ್ಪ ಹುಷಾರಾಗಿ ಹೇಳಿ. ಹೊಸ ಪರಿಷ್ಕರಣೆಯನ್ನು ಅವರು 'ಎಂ' ಅಕ್ಷರದಿಂದ ಶುರು ಮಾಡಿದ್ದು, ರನ್ ಮುಗಿದಾಗ ಸೆಟ್‌ನ ಸರದಿ ಇನ್ನೂ ಬಂದಿರಲಿಲ್ಲ. ಸೆಟ್‌ನದು ಹಳೆ ಅಳತೆ, ರನ್‌ನದು ಹೊಸ ಅಳತೆ. ಹೊಸ ಅಳತೆಯಲ್ಲಿ ಯಾವ ಪದ ಹಿಡಿದರೂ ಉಬ್ಬುತ್ತದೆ. ಸೆಟ್ಟನ್ನೂ ಅಷ್ಟೇ ಜರಡಿ ಹಿಡಿದ ಮೇಲೆ ಹೋಲಿಸಿದರೆ ನ್ಯಾಯ.

ನಿಘಂಟು ಹುಳು
ಒಪ್ಪಿದೆ. ಆದರೂ 645 ಅಂದರೆ 645.

ಪದಕೋಶ ಪಾಲಕ
ನಾನು ಆ ಕಡೆಯವನು, ಏಜೆನ್ಸಿಯಲ್ಲಿ ಕೆಲಸ. ಹೊಡೆಯುವ ಮುಂಚೆ ಒಂದು ಮಾತು ಕೇಳಿ.

ಕೆಂಪು ಗುರುತು ಹಾಕಿದ್ದು ಮನುಷ್ಯ ಆಗಿರಲಿಕ್ಕಿಲ್ಲ. ನಮ್ಮ ತಂತ್ರಾಂಶದಲ್ಲಿ ಪದಪಟ್ಟಿ ಸೇರಿಸಿರುತ್ತೇವೆ. ಇಂಗ್ಲಿಷ್ ವಾಕ್ಯದಲ್ಲಿ ಪಟ್ಟಿಯ ಪದ ಇದ್ದು, ಕನ್ನಡ ವಾಕ್ಯದಲ್ಲಿ ಅದಕ್ಕೆ ಕೊಟ್ಟ ಪದ ಕಾಣದಿದ್ದರೆ ಅದು ತಾನಾಗಿಯೇ ತಪ್ಪು ಅಂತ ತೋರಿಸುತ್ತದೆ. ಅದನ್ನು ನೋಡುವ ಪ್ರಾಜೆಕ್ಟ್ ಮ್ಯಾನೇಜರಿಗೆ ಎಷ್ಟೋ ಸಲ ಕನ್ನಡ ಬರುವುದೇ ಇಲ್ಲ. ಕೆಂಪು ಇದ್ದರೆ ವಾಪಸ್ ಕಳಿಸು, ಅಷ್ಟೇ ಗೊತ್ತು.

ಹಾಗಂತ ಪದಪಟ್ಟಿಯೇ ಬೇಡ ಅನ್ನಬೇಡಿ. ಒಂದು ಪುಟದಲ್ಲಿ 'ವಾಲ್ವ್', ಇನ್ನೊಂದರಲ್ಲಿ 'ಕವಾಟ', ಮತ್ತೊಂದರಲ್ಲಿ 'ತಡೆಬಾಗಿಲು' ಅಂತ ಬರೆದರೆ ಓದುವವನು ಮೂರು ಬೇರೆ ಬೇರೆ ವಸ್ತು ಹುಡುಕುತ್ತಾನೆ. ವಸ್ತುವಿಗೆ ಒಂದೇ ಹೆಸರು ಇರಲೇಬೇಕು. ತೊಂದರೆ ಆಗಿದ್ದು ಆ ಪಟ್ಟಿಗೆ ಯಾರೋ ಕ್ರಿಯಾಪದ ತುರುಕಿದ್ದರಿಂದ. ರನ್, ಗೆಟ್, ಸೆಟ್, ಟೇಕ್ ಇವಕ್ಕೆ ಪಟ್ಟಿಯಲ್ಲಿ ಜಾಗವೇ ಇರಬಾರದು. ಇಡಲೇಬೇಕು ಅಂದರೆ ಅರ್ಥಕ್ಕೊಂದು ಸಾಲು ಇಡಿ: ರನ್ (ಮೋಟರ್), ರನ್ (ಕೇಬಲ್), ರನ್ (ಬಣ್ಣ) ಹೀಗೆ.

ಅಕ್ಷರಗೂಲಿ
ಪಾಲಕರೇ, ಥ್ಯಾಂಕ್ಸ್. ಹಾಗಾದರೆ ನಾನು ಕನ್ನಡ ಬರದವರಿಗೆ ಕನ್ನಡದ ಬಗ್ಗೆ ವಾದ ಮಾಡುತ್ತಿದ್ದೆ ಅಂತಾಯಿತು!

ಹಳೇ ಮೇಷ್ಟ್ರು
ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ನೋಡಿ. ಅರ್ಥಕ್ಕೊಂದು ಸಂಖ್ಯೆ ಹಾಕಿ, ಪ್ರತಿ ಸಂಖ್ಯೆಗೂ ಬೇರೆ ಕನ್ನಡ ಕೊಟ್ಟಿದ್ದಾರೆ. ಆ ಪುಟದ ಫೋಟೋ ಹೊಡೆದು ಏಜೆನ್ಸಿಗೆ ಕಳಿಸಿ, ಬಾಯಿ ಮುಚ್ಚುತ್ತಾರೆ.

ಇನ್ನು ಈ ಪದ ಯಾಕೆ ಹೀಗೆ ಎಲ್ಲ ಕಡೆ ತಲೆ ಹಾಕುತ್ತದೆ ಅಂದರೆ, ಅದು ಮೂಲದಲ್ಲಿ ಒಂದು ಪದವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಎರಡು ಇದ್ದವು. ಒಂದು ತಾನೇ ಓಡುವುದು, ಹರಿಯುವುದು. ಇನ್ನೊಂದು ಓಡಿಸುವುದು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಹರಿಯುವುದಕ್ಕೆ 'ರಿನ್ನನ್', ಓಡುವುದಕ್ಕೆ 'ರೆನ್ನನ್' ಅಂತ ಬೇರೆ ಬೇರೆ ಉಳಿದಿವೆ. ಇಂಗ್ಲಿಷಿನಲ್ಲಿ ಎಲ್ಲವೂ ರನ್ ಅನ್ನುವ ಒಂದೇ ರೂಪಕ್ಕೆ ಬಂದು ಬಿದ್ದವು. ಹಾಗಾಗಿ ನದಿ ರನ್ಸ್, ಮೂಗು ರನ್ಸ್, ನಲ್ಲಿ ರನ್ಸ್ ಅನ್ನುವುದು ಹೋಲಿಕೆಯ ಮಾತಲ್ಲ. ಹರಿಯುವ ಅರ್ಥ ಅದಕ್ಕೆ ಮೊದಲಿನಿಂದಲೂ ಇದೆ.

ನಮಗೆ ಆ ಗೋಜಿಲ್ಲ. 'ಇಸು' ಅಂತ ಒಂದು ಬಾಲ ಹಚ್ಚಿದರೆ ಮುಗಿಯಿತು. ಓಡು, ಓಡಿಸು. ಹರಿ, ಹರಿಸು. ನಡೆ, ನಡೆಸು. ಯಾರು ಮಾಡಿದ್ದು, ಯಾರು ಮಾಡಿಸಿದ್ದು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ.

ಮಲೆನಾಡ ಮಳೆ
ಮೇಷ್ಟ್ರೇ, ನೀವು ಹೇಳಿದ ಕೊನೆಯ ಜೋಡಿಯಲ್ಲೇ ಮಜಾ ಇರುವುದು. ಇಂಗ್ಲಿಷಿನವರು ಓಡಿಸುವುದನ್ನೆಲ್ಲ ನಾವು ನಡೆಸುತ್ತೇವೆ! ಅವರು ಹೋಟೆಲ್ ರನ್ ಮಾಡುತ್ತಾರೆ, ನಾವು ಹೋಟೆಲ್ ನಡೆಸುತ್ತೇವೆ. ಸರ್ಕಾರ ನಡೆಸುತ್ತೇವೆ, ಶಾಲೆ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ. ನಾಟಕ ನಡೆಯುತ್ತದೆ, ಕೇಸು ನಡೆಯುತ್ತದೆ. ಅವರದು ಓಟ, ನಮ್ಮದು ನಡಿಗೆ. ನಿಧಾನದ ಜನ ನಾವು.

ಗಾಂಧಿನಗರ ಗಿರಾಕಿ
ಸುಮ್ನೆ ಕವಿತೆ ಮಾಡಬೇಡಿ. ಸಿನಿಮಾ ಓಡುತ್ತದೆ. 'ಪಿಚ್ಚರ್ ಎಷ್ಟು ದಿನ ಓಡ್ತು?' ಅಂತಲೇ ಕೇಳುವುದು, ಎಷ್ಟು ದಿನ ನಡೀತು ಅಂತ ಯಾವ ವಿತರಕನೂ ಕೇಳುವುದಿಲ್ಲ. ತಲೆ ಓಡುತ್ತದೆ. ಗಾಡಿ ಓಡುತ್ತದೆ. ಹುಡುಗ ಹುಡುಗಿ ಮನೆ ಬಿಟ್ಟು ಓಡಿಹೋಗುತ್ತಾರೆ. ನಾವೂ ಬೇಕಾದಷ್ಟು ಓಡುತ್ತೇವೆ.

ಮಲೆನಾಡ ಮಳೆ
ಸರಿ, ನಿಧಾನದ ಜನ ಅನ್ನುವ ಮಾತು ವಾಪಸ್. ಆದರೆ ವ್ಯತ್ಯಾಸ ಗಮನಿಸಿ. 'ಅಂಗಡಿ ನಡೆಸುತ್ತಿದ್ದಾನೆ' ಅಂದರೆ ಜವಾಬ್ದಾರಿ ಅವನದು. 'ಅಂಗಡಿ ಓಡ್ತಿಲ್ಲ' ಅಂದರೆ ಗಿರಾಕಿ ಇಲ್ಲ, ವ್ಯಾಪಾರ ಇಲ್ಲ. ಸಿನಿಮಾ ಓಡುವುದೂ ಅದೇ ಗುಂಪು, ಜನ ಬಂದರೆ ಓಟ. ನಡೆಸುವುದು ನಮ್ಮ ಕೈಯಲ್ಲಿ, ಓಡುವುದು ಹಣೆಬರಹದಲ್ಲಿ. ಇಂಗ್ಲಿಷಿನ ರನ್ ಎರಡನ್ನೂ ಹೇಳುತ್ತದೆ, ಅನುವಾದಕ ಎಡವುವುದು ಅಲ್ಲೇ.

ತಕರಾರು ತಮ್ಮಯ್ಯ
ಇದು ಸರಿಯಾದ ಮಾತು. ನಾನು ತಕರಾರು ತೆಗೆಯುವುದಿಲ್ಲ, ದಾಖಲಿಸಿಕೊಳ್ಳಿ.

ಚಿಕ್ಕಮ್ಮನ ಮಗಳು
'ನಡೀತಿದೆ' ಅನ್ನುವುದನ್ನು ನಾವೇ ಇಂಗ್ಲಿಷಿಗೆ ಕಳಿಸಿದ್ದೂ ಉಂಟು. ಮದುವೆ ಬ್ರೋಕರ್ ಬಾಯಲ್ಲಿ ಕೇಳಿ: 'ಹುಡುಗಿಗೆ 28 ರನ್ನಿಂಗು'. ಇಂಗ್ಲೆಂಡಿನವನಿಗೆ ಹೇಳಿದರೆ 28 ಕಿಲೋಮೀಟರ್ ಓಡುತ್ತಾಳೆ ಅಂದುಕೊಳ್ಳುತ್ತಾನೆ. ಅದು '28 ನಡೀತಾ ಇದೆ' ಅನ್ನುವುದರ ಇಂಗ್ಲಿಷ್ ವೇಷ. ಜ್ಯೋತಿಷಿಗಳದ್ದು ಇನ್ನೂ ಚಂದ. ನಮ್ಮ ಅಣ್ಣನ ಜಾತಕ ವಿಡಿಯೋ ಕಾಲಿನಲ್ಲಿ ನೋಡಿದವರು 'ಶನಿ ದಶಾ ಈಸ್ ರನ್ನಿಂಗ್, ಬಿ ಕೇರ್‌ಫುಲ್' ಅಂದರು. ಶನಿ ಓಡುತ್ತಿದ್ದರೆ ಒಳ್ಳೆಯದೇ ಅಲ್ವಾ, ಬೇಗ ಹೋಗುತ್ತಾನೆ.

ಹಾಸನದವಳು
ಶನಿ ಅಂದರೇ ಮೆಲ್ಲಗೆ ನಡೆಯುವವನು, ಶನೈಶ್ಚರ. ಅವನನ್ನೂ ಓಡಿಸಿಬಿಟ್ಟರು ನೋಡಿ.

ಕೋರ್ಟು ಕಚೇರಿ
ವಕೀಲರ ಆಫೀಸಿನಲ್ಲಿ ಇರುವವನು ನಾನು. ನಮ್ಮಲ್ಲಿ ಈ ರನ್ ಬಹಳ ಅಪಾಯದ ಪದ. 'ಸೆಂಟೆನ್ಸಸ್ ಟು ರನ್ ಕನ್‌ಕರೆಂಟ್ಲಿ' ಅಂತ ತೀರ್ಪಿನಲ್ಲಿ ಇರುತ್ತದೆ. 5 ವರ್ಷ ಒಂದು, 3 ವರ್ಷ ಒಂದು ಅಂತ ಎರಡು ಶಿಕ್ಷೆ ಆಗಿದ್ದರೆ ಒಟ್ಟಿಗೆ ಎಣಿಸಿ 5ಕ್ಕೆ ಮುಗಿಯುತ್ತದೆ. ಒಂದಾದ ಮೇಲೆ ಒಂದು ಅಂದರೆ 8. ಪೇಪರಿನವರು 'ಏಕಕಾಲದಲ್ಲಿ ಅನುಭವಿಸಬೇಕು' ಅಂತ ಸರಿಯಾಗಿ ಬರೆಯುತ್ತಾರೆ. ಈ ಏಜೆನ್ಸಿಯ ಪದಪಟ್ಟಿ ಹಿಡಿದು 'ಶಿಕ್ಷೆಗಳು ಜೊತೆಯಲ್ಲಿ ಓಡತಕ್ಕದ್ದು' ಅಂದರೆ ಕೈದಿಯೂ ಜೊತೆಗೆ ಓಡಿಯಾನು.

ಕಾಲಮಿತಿ ಕಾಯ್ದೆ, ಅಂದರೆ 1963ರ ಲಿಮಿಟೇಷನ್ ಆಕ್ಟ್ ತೆಗೆದರೆ ಕೊನೆಯ ಪಟ್ಟಿಯಲ್ಲಿ ಒಂದು ಕಾಲಮ್ಮಿನ ತಲೆಬರಹವೇ 'ಟೈಮ್ ಫ್ರಮ್ ವಿಚ್ ಪೀರಿಯಡ್ ಬಿಗಿನ್ಸ್ ಟು ರನ್'. ಕೇಳಿದ ಕೂಡಲೇ ಕೊಡಬೇಕಾದ ಪ್ರೊನೋಟು (ಸಾಲದ ಪತ್ರ) ಆದರೆ ದಾವೆ ಹಾಕಲು ಬರೆದ ತಾರೀಖಿನಿಂದ 3 ವರ್ಷ. ಅದೇ ಕಾಯ್ದೆಯ 9ನೇ ಕಲಂ ಪ್ರಕಾರ ಅವಧಿ ಒಂದು ಸಲ ಶುರು ಆಯಿತು ಅಂದರೆ ಆಮೇಲೆ ನಿಮಗೆ ಏನು ತೊಂದರೆ ಬಂದರೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಾವು ಕಕ್ಷಿದಾರರಿಗೆ ಹೇಳುವುದು 'ಟೈಮ್ ಬಾರ್ ಆಗುತ್ತೆ, ಬೇಗ ಬನ್ನಿ' ಅಂತ. ಅದಕ್ಕಿಂತ ಒಳ್ಳೆ ಅನುವಾದ ಬೇಕಾಗಿಯೇ ಇಲ್ಲ, ನೆಂಟರಿಗೆ ಸಾಲ ಕೊಟ್ಟು ಸುಮ್ಮನಿದ್ದವರಿಗೆ ಚೆನ್ನಾಗಿ ಗೊತ್ತು.

ಜೆರ್ಸಿ ಗೌಡ
ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೆ ತಮಾಷೆ ಅನಿಸಿದ್ದು ಚುನಾವಣೆಯ ಭಾಷೆ. ಇಲ್ಲಿ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ, ಬ್ರಿಟನ್ನಿನಲ್ಲಿ ನಿಲ್ಲುತ್ತಾನೆ. ನಮ್ಮೂರಲ್ಲೂ 'ಎಲೆಕ್ಷನ್ನಿಗೆ ನಿಂತಿದ್ದಾರೆ' ಅಂತಲೇ ಹೇಳುವುದು. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು 'ರನ್ನಿಂಗ್ ಮೇಟ್' ಅನ್ನುತ್ತಾರೆ, ಕುದುರೆ ಜೂಜಿನಿಂದ ಬಂದ ಮಾತು ಅದು. ಟ್ರಾಫಿಕ್ಕಿನಲ್ಲೂ ಹಾಗೆಯೇ. ಇಲ್ಲಿ ಕೆಂಪು ದೀಪವನ್ನು ರನ್ ಮಾಡುತ್ತಾರೆ, ಬೆಂಗಳೂರಿನಲ್ಲಿ ಸಿಗ್ನಲ್ ಜಂಪ್. ಬ್ರಿಟಿಷರು ಬಿಟ್ಟುಹೋದ ಜಂಪನ್ನು ನಾವು ಇನ್ನೂ ಬಿಟ್ಟಿಲ್ಲ.

ಗಾಂಧಿನಗರ ಗಿರಾಕಿ
ಗೌಡ್ರೇ, ನಮ್ಮಲ್ಲಿ ನಿಂತು ಗೆದ್ದ ಮೇಲೆ ಓಡುವುದು. ರೆಸಾರ್ಟ್ ಕಡೆಗೆ.

ಪದಕೋಶ ಪಾಲಕ
ರಾಜಕೀಯ ಬೇಡ ಮಹರಾಯ್ರೇ, ಥ್ರೆಡ್ ಲಾಕ್ ಆಗುತ್ತೆ.

ಸೈಟ್ ಇಂಜಿನಿಯರ್ 40*60
ರನ್ನಿಂಗ್ ಫೀಟ್ ಯಾರೂ ಹೇಳಲಿಲ್ಲವಲ್ಲ! ಮನೆ ಕಟ್ಟಿಸಿದವರಿಗೆ ಇದರ ಬಿಸಿ ಗೊತ್ತು. ಚದರ ಅಡಿ ಬೇರೆ, ರನ್ನಿಂಗ್ ಫೀಟ್ ಬೇರೆ. ಅಡುಗೆಮನೆ ಕಟ್ಟೆ 12 ಅಡಿ ಉದ್ದ, 2 ಅಡಿ ಅಗಲ ಅಂದುಕೊಳ್ಳಿ. ಗ್ರಾನೈಟ್ ಲೆಕ್ಕ 24 ಚದರ ಅಡಿ. ಅದರ ಮುಂದಿನ ಅಂಚು ಉಜ್ಜಿ ಗುಂಡಗೆ ಮಾಡುತ್ತಾರಲ್ಲ, ಅದಕ್ಕೆ 12 ರನ್ನಿಂಗ್ ಫೀಟ್, ಬೇರೆ ರೇಟು. ನಮ್ಮ ಮಾವನವರ ಮನೆ ಕೆಲಸದಲ್ಲಿ ಕಲ್ಲಿನವನು ಕೊಟ್ಟ ಚೀಟಿಯಲ್ಲಿ ಬರೀ 'ಫೀಟ್' ಅಂತ ಇತ್ತು, ಕೊನೆಗೆ ಯಾವ ಫೀಟ್ ಅಂತ ಜಗಳ. ಟೇಪು ಹಿಡಿದು ಇಬ್ಬರೂ ಅಳೆಯುತ್ತಾರೆ, ಇಬ್ಬರದೂ ಸರಿ, ದುಡ್ಡು ಮಾತ್ರ ಬೇರೆ ಬೇರೆ. ಚೀಟಿಯಲ್ಲಿ 'ಆರ್.ಎಫ್.ಟಿ.' ಅಂತ ಬಿಡಿಸಿ ಬರೆಸಿಕೊಳ್ಳಿ.

ಕಂಟ್ರಾಕ್ಟರ್‌ಗಳ 'ರನ್ನಿಂಗ್ ಬಿಲ್' ಅಂದರೆ ಕೆಲಸ ಮುಗಿಯುವ ಮುಂಚೆಯೇ ಆದಷ್ಟಕ್ಕೆ ಹಾಕುವ ಬಿಲ್ಲು. ಹೆಸರು ರನ್ನಿಂಗ್, ಪಾಸ್ ಆಗುವುದು ತೆವಳಿಕೊಂಡು.

ಧಾರವಾಡದಾಕಿ
ನಮ್ಮ ಕಸೂತಿ ಬಗ್ಗೆ ಹೇಳದೆ ಹೆಂಗ ಬಿಡ್ಲಿ. ಹೊಲಿಗೆ ಕ್ಲಾಸಿನಲ್ಲಿ 'ರನ್ನಿಂಗ್ ಸ್ಟಿಚ್', 'ಡಬಲ್ ರನ್ನಿಂಗ್ ಸ್ಟಿಚ್' ಅಂತ ಕಲಿಸುತ್ತಾರೆ. ಅದಕ್ಕೆ ನಮ್ಮಲ್ಲಿ ಮೊದಲಿಂದಲೂ ಹೆಸರು ಇದೆ. ಗವಂತಿ ಅಂದರೆ ಡಬಲ್ ರನ್ನಿಂಗ್. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗುವುದು, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುವುದು. ಮುಗಿಸಿದ ಮೇಲೆ ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣಬೇಕು, ಹಿಂದೆ ಗಂಟು ಇರುವಂಗಿಲ್ಲ. ಮುರ್ಗಿಯೂ ಅದೇ ಜಾತಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಓರೆ ಹೋಗುತ್ತದೆ. ನೇಗಿ ಒಂದೇ ರನ್ನಿಂಗ್, ನೇಯ್ದಂಗೆ ಕಾಣುತ್ತದೆ. ಮೆಂತಿ ಕ್ರಾಸ್ ಸ್ಟಿಚ್. ಮೊದಲೇ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾ ಹಾಕುವುದು, ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟ.

ಇದನ್ನು ಒಬ್ಬರು ಪುಸ್ತಕದಲ್ಲಿ 'ಓಡುವ ಹೊಲಿಗೆ' ಅಂತ ಬರೆದಿದ್ದರು. ಹೆಸರು ಹುಟ್ಟಿಸುವ ಮುಂಚೆ ಕೈಯಲ್ಲಿ ಸೂಜಿ ಹಿಡಿದವರನ್ನು ಒಂದು ಮಾತು ಕೇಳಬಾರದೇನ್ರೀ?

ಅಕ್ಷರಗೂಲಿ
ಅಕ್ಕಾ, ಇದು ನನಗೂ ತಗುಲಿತು. ಹಾಗಾದರೆ ಮೋಟರಿನವರನ್ನು ಕೇಳಬೇಕು ನಾನು. ಇಲ್ಲಿ ಯಾರಾದರೂ ಇದ್ದೀರಾ?

ಟೆನಿಸ್‌ಬಾಲ್ ರಾಜ
ಕ್ರಿಕೆಟ್ಟಿನ ರನ್ ಬಗ್ಗೆ ಒಬ್ಬರೂ ಮಾತಾಡಿಲ್ಲ ಅಂದರೆ ಇದು ಕರ್ನಾಟಕದ ಥ್ರೆಡ್ಡೇ ಅಲ್ಲ.

ನಿಘಂಟು ಹುಳು
ತಗೊಳ್ಳಿ ರಾಜಣ್ಣ. ಮೊದಮೊದಲು ಅದಕ್ಕೆ ರನ್ ಅಂತ ಇರಲಿಲ್ಲ, 'ನಾಚ್' ಅನ್ನುತ್ತಿದ್ದರು. ಲೆಕ್ಕ ಬರೆಯುವವನು ಕೋಲಿನ ಮೇಲೆ ಚಾಕುವಿನಿಂದ ಒಂದೊಂದು ಗೀರು ಹಾಕುತ್ತಿದ್ದ, ಆ ಗೀರಿನ ಹೆಸರು. ಈಗ ಸಿಕ್ಸರ್ ಹೊಡೆದು ನಿಂತಲ್ಲೇ ನಿಂತರೂ ಆರು 'ರನ್'.

ಕೋಲಾರದ ಮೋಟರ್‌ನವನು
ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ನಮ್ಮದು. ಅಕ್ಕಾ, ಬರಕೊಳ್ಳಿ.

ಮೊದಲು, ನಮ್ಮ ಕಡೆ ರೈತರು ಪಂಪ್ ಅನ್ನುವುದೇ ಕಮ್ಮಿ, ಮೋಟರ್ ಅನ್ನುತ್ತಾರೆ. ಮೋಟರ್ ಆನ್ ಮಾಡು, ಮೋಟರ್ ಬಿಡು, ಮೋಟರ್ ಓಡ್ತಿದೆ, ಇವೆಲ್ಲ ನಡೆಯುತ್ತದೆ. ಹಾಗಾಗಿ ಮೋಟರ್ ವಿಷಯಕ್ಕೆ ನಿಮ್ಮ ಏಜೆನ್ಸಿಯ 'ಓಡಿಸಿ' ತಪ್ಪೇನಲ್ಲ. ಕೇಬಲ್ಲಿಗೆ 'ಎಳೆದು ಕಟ್ಟಿ' ಬೇಡ, 'ಪೈಪಿಗೆ ಕಟ್ಟುತ್ತಾ ಇಳಿಸಿ' ಅನ್ನಿ. ಎಳೆದು ಬಿಗಿ ಮಾಡಿದರೆ ಪೈಪು ಭಾರಕ್ಕೆ ಜಗ್ಗಿದಾಗ ಜಾಯಿಂಟ್ ಕಿತ್ತುಕೊಳ್ಳುತ್ತೆ. ಸ್ವಲ್ಪ ಸಡಿಲ ಇರಬೇಕು.

'ಡ್ರೈ ರನ್' ಅಂತ ಇರುವ ಕಡೆ ದಯವಿಟ್ಟು ಡ್ರೈ ರನ್ ಅಂತಲೇ ಬಿಡಿ. ಸ್ಟಾರ್ಟರ್ ಪ್ಯಾನಲ್ ಮೇಲೆ ಹಾಗೇ ಇರುತ್ತೆ, ಎಲ್ಲರಿಗೂ ಗೊತ್ತು. ಜೊತೆಗೆ ಯಾಕೆ ಕೂಡದು ಅಂತ ಒಂದು ಸಾಲು ಬರೆಯಿರಿ. ಒಳಗಿನ ಮೋಟರ್ ತಣ್ಣಗಿರುವುದು ಸುತ್ತ ಇರುವ ನೀರಿನಿಂದ, ಪಂಪಿನ ಬುಷ್‌ಗೂ (ತಿರುಗುವ ದಂಡ ಕೂರುವ ಬಳೆ) ನೀರೇ ಎಣ್ಣೆ. ನೀರಿಲ್ಲದೆ ಓಡಿದರೆ ಬುಷ್ ಸವೆಯುತ್ತೆ, ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಸುಡುತ್ತೆ. ಆಮೇಲೆ ಮೋಟರ್ ಎತ್ತಿಸಬೇಕು, ಮತ್ತೆ ಇಳಿಸಬೇಕು. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರುಗಳಿವೆ, ಎತ್ತುವ ಇಳಿಸುವ ಖರ್ಚೇ ರೈತನಿಗೆ ಹೊರೆ.

ಇನ್ನೊಂದು, 'ರನ್ಸ್ ಇನ್ ರಿವರ್ಸ್' ಅಂತ ಇರಬೇಕು ನೋಡಿ. ಅದಕ್ಕೆ 'ಉಲ್ಟಾ ತಿರುಗಿದರೆ' ಅನ್ನಿ. ತ್ರೀ ಫೇಸಿನಲ್ಲಿ ವೈರು ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತೆ, ಆಗಲೂ ಸ್ವಲ್ಪ ನೀರು ಬರುತ್ತೆ, ಅದಕ್ಕೇ ಜನ ಮೋಸ ಹೋಗುವುದು. ಎರಡು ವೈರು ಬದಲಿಸಿ ಎರಡೂ ಕಡೆ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಯಾವುದರಲ್ಲಿ ನೀರು ಜಾಸ್ತಿಯೋ ಅದು ಸರಿ.

ಅಕ್ಷರಗೂಲಿ
ಅಣ್ಣಾ, ನಿಮ್ಮ ಉತ್ತರವನ್ನು ಹಾಗೇ ಪಟ್ಟಿ ಮಾಡಿ ಏಜೆನ್ಸಿಗೆ ಕಳಿಸಿದೆ. ಪಾಲಕರು ಹೇಳಿದಂತೆ ರನ್ ಪದವನ್ನು ಅರ್ಥಕ್ಕೊಂದು ಸಾಲಾಗಿ ಒಡೆದೆ. ಕೇಬಲ್, ಬಾವಿ, ಉಲ್ಟಾ ಮೂರಕ್ಕೂ ಒಪ್ಪಿದ್ದಾರೆ. ಡ್ರೈ ರನ್ ಮಾತ್ರ 'ಶುಷ್ಕ ಓಟ' ಆಗಬೇಕಂತೆ, ಗಿರಾಕಿ ಕಂಪನಿಗೆ ಶುದ್ಧ ಕನ್ನಡ ಬೇಕಂತೆ. ಅದರ ಜಗಳ ಇನ್ನೂ ಇದೆ.

ತಕರಾರು ತಮ್ಮಯ್ಯ
ಶುಷ್ಕವೂ ಸಂಸ್ಕೃತ ಸ್ವಾಮಿ, ಶುದ್ಧವೂ ಸಂಸ್ಕೃತ.

ಚಿಕ್ಕಮ್ಮನ ಮಗಳು
ಮೋಟರ್ ಅಣ್ಣಾ, ಥ್ರೆಡ್ಡಿಗೆ ಸಂಬಂಧ ಇಲ್ಲ, ಕ್ಷಮಿಸಿ. ನಮ್ಮ ಮನೆ ಸಂಪಿನ ಸಿಂಗಲ್ ಫೇಸ್ ಮೋಟರ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಏನಿರಬಹುದು?

ಕೋಲಾರದ ಮೋಟರ್‌ನವನು
ಸಂಬಂಧ ಇದೆ ತಂಗೀ. ಅದರಲ್ಲಿ ಕೆಲವಕ್ಕೆ ಸ್ಟಾರ್ಟಿಂಗ್ ಕಂಡೆನ್ಸರ್ (ಕೆಪಾಸಿಟರ್) ಬೇರೆ, ರನ್ನಿಂಗ್ ಕಂಡೆನ್ಸರ್ ಬೇರೆ ಇರುತ್ತೆ. ಗುಂಯ್ ಅಂದು ನಿಂತರೆ ಮೊದಲು ಕಂಡೆನ್ಸರ್ ಮೇಲೆ ಅನುಮಾನ, ಆಮೇಲೆ ಒಳಗೆ ಜಾಮ್ ಆಗಿದೆಯಾ ನೋಡಬೇಕು. ಹಾಗೇ ಸ್ವಿಚ್ ಹಾಕಿ ಬಿಡಬೇಡಿ, ವೈಂಡಿಂಗ್ ಹೋಗುತ್ತೆ. ಹಳೆ ಕಂಡೆನ್ಸರ್ ಮೇಲೆ ಬರೆದಿರುವ ನಂಬರ್ ನೋಡಿ ಅದೇ ತರಿಸಿ, ದೊಡ್ಡದು ಹಾಕಿದರೆ ಜೋರಾಗಿ ಓಡುತ್ತೆ ಅಂತ ಅಂಗಡಿಯವನು ಹೇಳಿದರೆ ನಂಬಬೇಡಿ. ನೀವೇ ಬಿಚ್ಚಬೇಡಿ, ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತೆ.